ಎರಡು ಕಿಲೋ ಏರಿದ ಬೆಳಿಗ್ಗೆ

ಸಾಲೋಟಗಿ
೧೪ ನವೆಂಬರ್ ೨೦೨೪

ಪ್ರೀತಿಯ ಕಸ್ತೂರಿ,

ನಿನ್ನ ಮೊಣಕಾಲು ನೋವು ಹೇಗಿದೆ? ಭುವನೇಶ್ವರಿ ಎದ್ದು ಓಡಾಡುತ್ತಿದ್ದಾಳೆಯೆ? ಮಗಳ ಬಾಣಂತನದ ಗಡಿಬಿಡಿಯಲ್ಲಿ ನೀನು ಹೊತ್ತಿಗೆ ಸರಿಯಾಗಿ ಉಣ್ಣುವುದಿಲ್ಲವೆಂದು ನನಗೆ ಗೊತ್ತು. ಫೋನಿನಲ್ಲಿ ನಾನು ಆರಾಮ ಎಂದರೆ "ಸುಳ್ಳ ಹೇಳಬ್ಯಾಡ್ರಿ, ದಮ್ಮು ಕೇಳಸ್ತೈತಿ" ಎನ್ನುತ್ತೀ. ಅದಕ್ಕೇ ಎಲ್ಲ ಬರೆಯುತ್ತಿದ್ದೇನೆ.

ನೀನು ಮುದ್ದೇಬಿಹಾಳಕ್ಕೆ ಹೋದ ಮರುವಾರ ಇಂಡಿ ಊರಿನ ನಮ್ಮ ಡಾಕ್ಟರು ವಿಜಯಶ್ರೀ ಮನೆಗೇ ಬಂದರು. ಹೃದಯ ಸೋತು ಒಂದೇ ವರ್ಷದಲ್ಲಿ ಎರಡು ಸಲ ದೊಡ್ಡಾಸ್ಪತ್ರೆ ಸೇರಿದವನನ್ನು ಮೂರನೆಯ ಸಲ ಕಳಿಸಬಾರದೆಂದು ಅವರ ಹಟ. ನನ್ನ ಎದೆ ನೋಡುವ ಮೊದಲೇ ಅಡುಗೆಮನೆ ಹೊಕ್ಕು, ಸೊಸೆ ದಾನೇಶ್ವರಿಯಿಂದ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯ ಡಬ್ಬಿಗಳನ್ನೆಲ್ಲ ಕೆಳಗಿಳಿಸಿದರು. "ಮಾಸ್ತರ್ರ, ಗುಳಿಗಿ ಒಂದೂ ಬಿಡಬ್ಯಾಡ್ರಿ. ಆದ್ರ ಇಷ್ಟು ಉಪ್ಪು ತಿಂದ್ರ ಗುಳಿಗಿ ಒಂದ ಏನ್ ಮಾಡೀತ್ರಿ?" ಎಂದರು. ದಿನದ ನೀರಿಗೆ ಅಳತೆ ಗೊತ್ತು ಮಾಡಿದರು. ಬೆಳಿಗ್ಗೆ ಏನಾದರೂ ತಿನ್ನುವ ಮೊದಲು ತೂಕ ನೋಡಬೇಕು. "ಎರಡು ದಿನದಾಗ ಎರಡು ಕಿಲೋ ಏರಿದ್ರ ಅದು ಮೈಯಾಗ ನಿಂತ ನೀರು. ದಮ್ಮು ಹತ್ತೂತನಾ ಕಾಯಬ್ಯಾಡ್ರಿ, ಬಂದ್ಬಿಡ್ರಿ."

ಈಗ ನಿನ್ನಿಂದ ಮುಚ್ಚಿಟ್ಟದ್ದನ್ನು ಹೇಳುತ್ತೇನೆ. ದೀಪಾವಳಿಗೆ ಗೆಳೆಯ ಬಸಂತರಾಯನ ಮನೆಯಲ್ಲಿ ಉಂಡೆ. ಬಾಯಿ ಕಟ್ಟಲಾಗಲಿಲ್ಲ, ಹಪ್ಪಳ, ರೊಟ್ಟಿಯ ಜೊತೆ ಶೇಂಗಾ ಹಿಂಡಿ, ಮಾವಿನ ಉಪ್ಪಿನಕಾಯಿ, ಮೇಲೆ ಎರಡು ಲೋಟ ಉಪ್ಪು ಮಜ್ಜಿಗೆ. ಎರಡನೆಯ ಬೆಳಿಗ್ಗೆ ತೂಕ ಅರವತ್ತೊಂದರಿಂದ ಅರವತ್ತಮೂರಕ್ಕೆ ಏರಿತ್ತು. ಮಶೀನು ಕೆಟ್ಟಿದೆ ಎಂದು ವಾದಿಸಿದೆ. ದಾನೇಶ್ವರಿ ತಾನೇ ಅದರ ಮೇಲೆ ಹತ್ತಿ ನಿಂತಳು. "ನನ್ನ ತೂಕ ನಿನ್ನಿ ಇದ್ದಷ್ಟ ಐತ್ರಿ, ಮಾವಾರ. ನಡ್ರಿ ಇಂಡಿಗೆ."

 ದಾರಿಯುದ್ದಕ್ಕೂ, ಹುಟ್ಟಿದ ಮೊಮ್ಮಗಳ ಮುಖ ನೋಡದೆಯೇ ಹೋಗುತ್ತೇನೇನೋ ಎಂಬ ಭಯ. ಡಾಕ್ಟರು ಎದೆಗೆ ಕಿವಿಗೊಟ್ಟು ಬಹಳ ಹೊತ್ತು ಕೇಳಿದರು. "ಬೇಗ ಬಂದ್ರಿ, ಎದಿಯಾಗ ಇನ್ನೂ ನೀರು ತುಂಬಿಲ್ಲ." ಬೈಯಲಿಲ್ಲ, ಗುಳಿಗೆಯನ್ನೂ ಹೆಚ್ಚಿಸಲಿಲ್ಲ. ಊಟ, ನೀರು ಎರಡನ್ನೂ ಬಿಗಿ ಮಾಡಿ, ದಿನವೂ ತಮ್ಮ ನರ್ಸನ್ನು ಮನೆಗೆ ಕಳಿಸಿದರು. ಐದನೆಯ ದಿನ ತೂಕ ಇಳಿಯಿತು, ಕಾಲಿಗೆ ಬಂದಿದ್ದ ಬಾವೂ ಹೋಯಿತು.

ಮೂರು ದಿಂಬಿಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದವನು ಈಗ ಒಂದೇ ದಿಂಬಿನ ಮೇಲೆ ಮಲಗುತ್ತೇನೆ. ಡಾಕ್ಟರು ಹೇಳಿದಂತೆ ಮೊದಲು ಅಂಗಳದಲ್ಲಿ ನಡೆದೆ, ಆಮೇಲೆ ನಾನು ಕಲಿಸುತ್ತಿದ್ದ ಸಾಲೆಯವರೆಗೆ. ಸಪ್ಪನೆಯ ಪಲ್ಯಕ್ಕೆ ದಾನೇಶ್ವರಿ ಬೆಳ್ಳುಳ್ಳಿ ಹಾಕಿ ನಿಂಬೆ ಹಿಂಡುತ್ತಾಳೆ. ನಿನ್ನ ಕೈಯಡುಗೆಗಿಂತ ರುಚಿ ಎಂದು ಮಾತ್ರ ನಾನು ಬರೆಯಲಾರೆ.

ಮಗಳಿಗೂ ಅಳಿಯ ಅರುಣಕುಮಾರನಿಗೂ ನನ್ನ ಆಶೀರ್ವಾದ ತಿಳಿಸು. ನೀನು ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ
ರೇವಣಪ್ಪ

ತಾ.ಕ.: ಲಕೋಟೆ ಅಂಟಿಸುವಾಗಲೇ ಡಾಕ್ಟರ ಫೋನು ಬಂತು, ನಾನು ಬಸ್ ಹತ್ತಬಹುದಂತೆ! ೨೪ನೇ ತಾರೀಖು ರವಿವಾರ ದಾನೇಶ್ವರಿಯ ಜೊತೆ ಬರುತ್ತೇನೆ. ನಿನ್ನನ್ನು ಕರೆತರಲು ಅಲ್ಲ. ನನ್ನ ಬಗ್ಗೆ ಹೆದರಿ ಅರ್ಧಕ್ಕೇ ಹೊರಟು ಬರಬೇಡ. ಮೂರು ತಿಂಗಳು ತುಂಬುವವರೆಗೆ ಮಗಳ ಹತ್ತಿರವೇ ಇರು. ನಾನಿರುತ್ತೇನೆ.