ಮೂರನೇ ಸುತ್ತಿಗೆ ಹಾರದ ರೈಫಲ್

ಶಿವಮೊಗ್ಗ

ಸರ್ವಮಂಗಳಕ್ಕನಿಗೆ ಹೂವಪ್ಪನ ನಮಸ್ಕಾರ.

ಪ್ರಸನ್ನಣ್ಣನ ಮಣ್ಣಿನ ದಿನ ಪೊಲೀಸ್ ಗೌರವದ ಮೂರನೇ ಸುತ್ತಿಗೆ ಒಂದು ರೈಫಲ್ ಹಾರಲಿಲ್ಲ. ಅವರ ಜೀವಕ್ಕೆ ತೃಪ್ತಿಯಾಗಿಲ್ಲವೆಂದು ಭದ್ರಾವತಿಯಲ್ಲಿ ನಿಮ್ಮವರು ಆಡಿಕೊಳ್ಳುತ್ತಿದ್ದಾರಂತೆ.

ನಮ್ಮ ಬಂದೂಕುಗಳನ್ನು ರಿಪೇರಿ ಮಾಡುವವನು ನಾನೇ. ಆ ರೈಫಲನ್ನು ಪೂರ್ತಿ ಬಿಚ್ಚಿ, ಒರೆಸಿ ನೋಡಿದೆ. ದೋಷವಿಲ್ಲ. ಗೌರವಕ್ಕೆ ಹಾರಿಸುವ ತೋಟೆಯಲ್ಲಿ ಗುಂಡಿರುವುದಿಲ್ಲ. ರೈಫಲ್ ಮುಂದಿನ ತೋಟೆಯನ್ನು ತಾನಾಗಿ ಎಳೆದುಕೊಳ್ಳುವಷ್ಟು ಬಲವೂ ಅದಕ್ಕಿರುವುದಿಲ್ಲ. ಪ್ರತಿ ಸಲ ಹ್ಯಾಂಡಲನ್ನು ಕೈಯಿಂದಲೇ ಎಳೆಯಬೇಕು.

ಅವತ್ತು ಅದನ್ನು ಹಿಡಿದಿದ್ದವನು ನಮ್ಮ ಪೇದೆ ಶಿವಯೋಗಿ. ನೀವು ಅಣ್ಣನಿಗೆ ಡ್ಯೂಟಿಗೆ ಕಟ್ಟುತ್ತಿದ್ದ ಊಟದ ಡಬ್ಬಿಯಲ್ಲಿ ದಿನಾ ಪಾಲು ಉಂಡವನು. ಮೂರನೇ ಸಲ ಅಳುತ್ತಿದ್ದವನ ಕೈ ಎಳೆಯದೆ ಹ್ಯಾಂಡಲ್ ಮೇಲೆಯೇ ನಿಂತುಬಿಟ್ಟಿತು. "ಅಣ್ಣನ ಕೊನೇ ಮರ್ಯಾದೆ ಕೆಡಿಸ್ಬಿಟ್ಟೆ ಮಾರಾಯ" ಅಂತ ಊಟ ಬಿಟ್ಟಿದ್ದಾನೆ.

ಅಣ್ಣನ ಶಿವಗಣಾರಾಧನೆಯ ಊಟಕ್ಕೆ ಅವನನ್ನು ನೀವೇ ಕರೆಯಿರಿ. ಬಂದರೆ ಏನೂ ಕೇಳಬೇಡಿ ಅಕ್ಕಾ, ಬಡಿಸಿ ಸಾಕು.

ಇಂತಿ,
ಹೂವಪ್ಪ