ಸೀರೆಯ ಜೊತೆ ಹೋದ ಅರಿಶಿನದ ಕೊಂಬು

ನೆಲಮಂಗಲ, ಸೋಮವಾರ

ನಂದಗುಡಿಯ ನನ್ನ ಅಜ್ಜಿಗೆ,

ಫೋನಿನಲ್ಲಿ ನಿನಗೆ ಅರ್ಧ ಮಾತೂ ಕೇಳಿಸುವುದಿಲ್ಲ, ಅದಕ್ಕೇ ಈ ಕಾರ್ಡು. ಅಪ್ಪನ ಕೈಲಿ ಓದಿಸಿಕೋ.

ಭೀಮಾ ನದಿಯ ನೆರೆಯಲ್ಲಿ ಮನೆ ಕಳೆದುಕೊಂಡವರಿಗೆ ಇಲ್ಲಿನ ಗೋದಾಮಿನಿಂದ ಸಾಮಾನು ಕಳಿಸುವುದು ಈಗ ನನ್ನ ಕೆಲಸ. ಗೋದಾಮು ನಮ್ಮೂರ ಕೆರೆಯಷ್ಟು ಅಗಲ. ಹೋದ ವಾರ ಲಾರಿ ಹೊರಡುವ ಹೊತ್ತಿಗೆ ನೋಡುತ್ತೇನೆ, ಆರುನೂರು ಚೀಲದಲ್ಲೂ ಸೀರೆಯ ಮಡಿಕೆಯೊಳಗೆ ವೀಳ್ಯದೆಲೆ! ಚೀಲ ತುಂಬಲು ತ್ಯಾಮಗೊಂಡ್ಲಿನಿಂದ ಬಂದಿದ್ದ ಹೆಂಗಸರ ಕೆಲಸ ಅದು. ಎರಡು ದಿನದ ದಾರಿಯಲ್ಲಿ ಎಲೆ ಕೊಳೆತು ಸೀರೆಯೂ ಹಾಳಾಗುತ್ತಿತ್ತು. ನಾನು ರೇಗಿದೆ. ಅವರಲ್ಲಿ ಹಿರಿಯಳಾದ ಸಪ್ಪಲಮ್ಮ ಜಗ್ಗಲಿಲ್ಲ.

"ಬರೀ ಸೀರೆ ಹೆಂಗಮ್ಮಾ ಕೊಡೋದು? ಅವ್ರೇನು ಭಿಕ್ಷೆಗೆ ಬಂದವ್ರಾ?"

ಕೊನೆಗೆ ಎಲ್ಲ ಚೀಲ ಬಿಚ್ಚಿ, ಎಲೆ ತೆಗೆದು, ಕೊಳೆಯದ ಅರಿಶಿನದ ಕೊಂಬು ಒಂದೊಂದು ಇಟ್ಟೆವು. ಲಾರಿ ನಾಲ್ಕು ಗಂಟೆ ತಡವಾಯಿತು, ಬೈಸಿಕೊಂಡವಳು ನಾನು.

ನಿನ್ನೆ ಅಲ್ಲಿನ ಶಿಬಿರದಿಂದ ಒಬ್ಬ ಮುದುಕಿ, ಚೀಲದ ಮೇಲಿದ್ದ ನನ್ನ ನಂಬರಿಗೆ ಫೋನ್ ಮಾಡಿಸಿದ್ದಳು. "ಸೀರಿ, ಅರಿಶಿಣ ಎಲ್ಲಾ ಬಂದಾವ ನೋಡವ್ವಾ. ಲಗ್ನದಾಗ ಕೊಟ್ಟಂಗ ಕೊಟ್ಟೀರಿ. ಲಗ್ನ ಯಾರದು?"

ನಗು ತಡೆಯಲಾರದೆ, "ನಂದೇ ಅಜ್ಜಿ, ಗಂಡು ಇನ್ನೂ ಸಿಕ್ಕಿಲ್ಲ" ಅಂದುಬಿಟ್ಟೆ.

ನನ್ನ ಕೆಮ್ಮು ವಾಸಿಯಾಗಿದೆ, ಊಟಕ್ಕೆ ತೊಂದರೆಯಿಲ್ಲ. ಅಂಚೆಯವನು ಡಬ್ಬಿ ತೆಗೆಯಲು ಬರುವ ಹೊತ್ತಾಯಿತು. ಒಂದೇ ಮಾತು: ಮನೆಯಲ್ಲಿ ಇನ್ನು ಯಾರೂ ನನಗೆ ಗಂಡು ಹುಡುಕಬೇಡಿ. ಶಿಬಿರದವರೆಲ್ಲ ಸೇರಿ ಆ ಕೆಲಸಕ್ಕೆ ಇಳಿದಿದ್ದಾರೆ. ಬೆಳಿಗ್ಗೆಯಿಂದ ಮೂರು ಫೋನು ಬಂತು.

ನಿನ್ನ ಸಿಂಚನ