ಅರ್ಧ ಗಂಟೆಗೊಂದು ನಿಲುಗಡೆ

ಅಕ್ಕಾ,

ಇವತ್ತು ಬಾಡಿಗೆ ಕಾರಿನ ಕಚೇರಿಗೆ ಹೋಗಿದ್ದೆ. ಮೂರು ದಿನ ಮಳೆಕಾಡು, ಆಮೇಲೆ ಕಡಲಿಗಿಳಿದು ಹವಳದ ದಿಬ್ಬ. ಅದರ ಚಿತ್ರವನ್ನು ನೀನು ಪೇಪರಿನಿಂದ ಕತ್ತರಿಸಿಟ್ಟಿದ್ದೆಯೆಂದು ನೀನು ತೀರಿಕೊಂಡ ಮೇಲೆ ಗೊತ್ತಾಯಿತು. ಕಾರು ನಾನೇ ಓಡಿಸುತ್ತೇನೆ.

ದಾರಿಯಲ್ಲಿ ಎಲ್ಲೆಲ್ಲಿ ನಿಲ್ಲಬೇಕೆಂದು ನಾನು ಬರೆದುಕೊಂಡು ಹೋಗಿದ್ದ ಪಟ್ಟಿಯನ್ನು ಕೌಂಟರಿನ ಹೆಂಗಸು ಎರಡು ಸಲ ಓದಿದಳು.

"ಕಾಡಿಂದ ಕಡಲಿಗೆ ಮೂರೇ ಗಂಟೆ ದಾರಿ ಸರ್. ಐದು ಕಡೆ ಯಾಕೆ ನಿಲ್ಲಿಸ್ತೀರಿ? ಚಿಕ್ಕ ಮಕ್ಕಳಿದಾರಾ?"

"ಇಲ್ಲ, ಒಬ್ಬನೇ."

"ಹಾಗಾದ್ರೆ ನಿಮಗೆ ಕಾರಿಗಿಂತ ಬಸ್ಸೇ ವಾಸಿ."

ನಾನೂ ನಕ್ಕೆ. ಪಟ್ಟಿ ಬರೆದ ಕೈಗೆ ಹಳೆಯ ರೂಢಿ. ಅರ್ಧ ಗಂಟೆಗೊಮ್ಮೆ ಕಾರಿನಿಂದ ಇಳಿಸದಿದ್ದರೆ ನಿನಗೆ ಹೊಟ್ಟೆ ತೊಳಸುತ್ತಿತ್ತು. ಕೊನೆಯ ಸಲ ಹೊತ್ತಾಯಿತೆಂದು ನಾನು ನಿಲ್ಲಿಸಲಿಲ್ಲ. ನೀನು ಕರವಸ್ತ್ರವನ್ನು ಬಾಯಿಗೊತ್ತಿಕೊಂಡು ಕಿಟಕಿಯ ಕಡೆ ತಿರುಗಿ ಕೂತಿದ್ದೆ. ಮನೆ ಮುಟ್ಟಿದ ಮೇಲೆ, "ಹೋಗ್ಲಿ ಬಿಡೋ, ನಿನಗೆ ತಡ ಆಗ್ತಿತ್ತಲ್ಲ" ಎಂದು ನೀನೇ ಸಮಾಧಾನ ಹೇಳಿದೆ. ಆಮೇಲೆ ಎಲ್ಲಿಗೆ ಕರೆದರೂ ನಿನಗೆ ಏನೋ ಕೆಲಸವಿರುತ್ತಿತ್ತು.

ಹೆಂಗಸು ನಿಲುಗಡೆಗಳನ್ನು ಒಂದೊಂದಾಗಿ ಹೊಡೆದುಹಾಕಿದಳು. ಕೊನೆಯದಕ್ಕೆ ಬಂದಾಗ, "ಅದೊಂದು ಇರಲಿ" ಎಂದೆ.

"ಅಲ್ಲೇನೂ ಇಲ್ಲ ಸರ್. ಒಂದು ಮರ, ಒಂದು ಬೆಂಚು, ಅಷ್ಟೆ."

"ಸಾಕು."